ಇಂತಿಯ ಕೆಳಗಿನ ಸಾಲು

ಮಾರ್ಚ್ 3, ಸೋಮವಾರ

ಇದು ಮಗಳ ಹಳೆಯ ನೋಟುಬುಕ್ಕು. ಮೊದಲ ಹನ್ನೆರಡು ಹಾಳೆಗಳಲ್ಲಿ ಅವಳ ಕಾಲೇಜಿನ ಚಿತ್ರಗಳಿವೆ, ಎಲೆಯ ನರ, ಬೇರಿನ ಒಳಭಾಗ. ಅದರಾಚೆ ನಾನು. "ದಿನಾ ಒಂದು ಪುಟ ಬರಿಯಮ್ಮ, ಕೈ ಪಳಗುತ್ತೆ, ಮೇಲ್ ಬರೆಯೋಕೂ ಸುಲಭ ಆಗುತ್ತೆ" ಅಂದಳು. ಯಾರೂ ಓದಬಾರದು ಎಂದು ಷರತ್ತು ಹಾಕಿದೆ. "ಓದೋರು ಯಾರು? ನಿನ್ನ ಅಕ್ಷರ ನಿನಗೇ ತಿಳಿಯಲ್ಲ" ಅಂದಳು. ಬಾಯಿ ಅಪ್ಪನದು.

ಇವತ್ತಿನಿಂದ ನಾನು ಲಾಂಡ್ರಿಯ ಮೇಲಿನ ಮಹಡಿ. ಹದಿನಾರು ವರ್ಷ ಕೆಳಗೆ ಬಿಸಿ ರೋಲರಿನ ಮುಂದೆ ನಿಂತು ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ಒಂದೊಂದಾಗಿ ಇಸ್ತ್ರಿಗೆ ತೂರಿಸಿದವಳು. ಹಬೆ ಕುಡಿದು ಕುಡಿದು ಎದೆ ಕೆಟ್ಟಿತು. "ಇನ್ನು ಹಬೆ ಹತ್ತಿರ ಹೋದರೆ ನನ್ನ ಹತ್ತಿರ ಬರಬೇಡಿ" ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಮ್ಯಾನೇಜರು ಆ ಚೀಟಿ ನೋಡಿ, ಆಸ್ಪತ್ರೆಗಳಿಂದ ಬರುವ ಮೇಲ್‌ಗಳಿಗೆ ಉತ್ತರ ಬರೆಯುವ ಮೇಜಿಗೆ ನನ್ನನ್ನು ಹಾಕಿದ್ದಾರೆ. ಆರು ವಾರ ನೋಡುತ್ತಾರಂತೆ. ಏಪ್ರಿಲ್ ಹದಿನಾಲ್ಕಕ್ಕೆ ತೀರ್ಮಾನ. ಒಪ್ಪಿಗೆಯಾದರೆ ಕೆಲಸ ಖಾಯಂ. ಇಲ್ಲದಿದ್ದರೆ ಕೆಳಗೆ ಹೋಗುವ ಹಾಗಿಲ್ಲ, ಮೇಲೆ ಇರುವ ಹಾಗಿಲ್ಲ. ಮಿಕ್ಕಿದ್ದು ಗೇಟು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಮದುವೆಯಾದ ಮೇಲೆ ಹೊರಗಿನಿಂದ ಹತ್ತನೆಯದಕ್ಕೆ ಕಟ್ಟಿ ಎರಡು ವಿಷಯ ಉಳಿಸಿಕೊಂಡೆ. ಅವು ಇವತ್ತಿಗೂ ಉಳಿದೇ ಇವೆ. ನನಗೆ ಬರೆಯಲು ಕಲಿಸಿದ ಪತ್ರ ಒಂದೇ, ರಜಾ ಅರ್ಜಿ. ಸಂಜೆ ಮ್ಯಾನೇಜರಿಗೆ ಮೊದಲ ದಿನದ ವರದಿ ಕಳಿಸಬೇಕಿತ್ತು. ಮಾನ್ಯರೇ ಎಂದು ಶುರು ಮಾಡಿ ಒಂದೂವರೆ ಪುಟ ಬರೆದೆ. ಕೊನೆಗೆ ಕೈ ತಾನಾಗಿಯೇ ಓಡಿ "ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ" ಎಂದು ಮುಗಿಸಿತು. ಕಳಿಸಿದ ಮೇಲೆ ಕಣ್ಣಿಗೆ ಬಿತ್ತು. ನಲವತ್ತೊಂದು ವಯಸ್ಸಿನ ವಿದ್ಯಾರ್ಥಿನಿ! ಕುರ್ಚಿಯೊಳಗೇ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಇಂತಿಯ ಕೆಳಗೆ ಒಂದು ವಿ.ಸೂ. ಬೇರೆ ಹಾಕಿದ್ದೆ. ನನ್ನ ಕುರ್ಚಿಯ ಬುಡದಲ್ಲೇ ಒಂದು ಕಿಂಡಿ ಇದೆ. ಕೆಳಗಿನ ಹಬೆ ಅಲ್ಲಿಂದಲೇ ಮೇಲೆ ಬರುತ್ತದೆ. ಸಾಧ್ಯವಾದರೆ ಮೇಜನ್ನು ಕಿಟಕಿಯ ಕಡೆ ಹಾಕಿಕೊಳ್ಳಲು ಅಪ್ಪಣೆ ಬೇಕು ಎಂದು ಕೇಳಿದ್ದೆ. ಮೇಲೆಯೇ ಬರೆದರೆ, ಬಂದ ದಿನವೇ ಕೇಳಲು ಶುರುಮಾಡಿದಳು ಅಂದುಕೊಂಡಾರು. ನಮ್ಮಮ್ಮನೂ ಹಾಗೆಯೇ. ಯಾರ ಮನೆಗೆ ಹೋದರೂ ಊರೆಲ್ಲ ಮಾತಾಡಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಿಂತು ಕೇಳಲು ಬಂದದ್ದನ್ನು ಕೇಳುತ್ತಿದ್ದರು.

ಮಾರ್ಚ್ 4, ಮಂಗಳವಾರ

ಮ್ಯಾನೇಜರ ಉತ್ತರ ಬಂತು.

"ಸರಿ."

ಅಷ್ಟೇ. ಮಾನ್ಯರೇ ಇಲ್ಲ, ವಂದನೆ ಇಲ್ಲ, ಹೆಸರೂ ಇಲ್ಲ. ಸರಿ, ಆಮೇಲೆ ಒಂದು ಚುಕ್ಕೆ.

ಏನು ಸರಿ? ವರದಿ ಸರಿಯೇ? ಮೇಜು ಎಳೆದುಕೊಳ್ಳುವುದು ಸರಿಯೇ? ಇಲ್ಲ, "ಸರಿ ಬಿಡಮ್ಮ, ಗೊತ್ತಾಯಿತು ನಿನ್ನ ಹಣೆಬರಹ" ಎನ್ನುವ ಸರಿಯೇ? ಬೆಳಗಿನಿಂದ ಹತ್ತು ಸಲ ತೆಗೆದು ನೋಡಿದೆ. ಕೋಪ ಬಂದವರು ಮಾತು ಮುಗಿಸಿ ಬಾಗಿಲು ಹಾಕಿಕೊಳ್ಳುತ್ತಾರಲ್ಲ, ಆ ಚುಕ್ಕೆ ಹಾಗೆ ಕೂತಿದೆ. ಮೇಜನ್ನು ಮುಟ್ಟಲಿಲ್ಲ. ಒಪ್ಪಿಗೆಯೋ ಅಲ್ಲವೋ ತಿಳಿಯದೆ ಎಳೆದರೆ ಅದೇ ಒಂದು ಕಾರಣವಾದೀತು.

ಮಗಳಿಗೆ ತೋರಿಸಿದೆ. "ಸರಿ ಅಂದ್ರೆ ಸರಿ ಅಮ್ಮ" ಅಂದಳು. ಅವಳಿಗೇನು, ಅವಳು ವಿದ್ಯಾರ್ಥಿನಿಯೇ.

ಮಾರ್ಚ್ 6, ಗುರುವಾರ

ಪಕ್ಕದ ಮೇಜಿನವರು ರವಾನೆ ಗುಮಾಸ್ತರು. ಯಾವ ವ್ಯಾನು ಯಾವ ಆಸ್ಪತ್ರೆಗೆ ಎಂದು ಬರೆಯುವವರು. ಎಲ್ಲರೂ ಅವರನ್ನು ಕನ್ನಡಕ ಎನ್ನುತ್ತಾರೆ. ದಿನಕ್ಕೆ ನಾಲ್ಕು ಸಲವಾದರೂ ಹಣೆಯ ಮೇಲಿರುವ ಕನ್ನಡಕವನ್ನು ಡ್ರಾಯರಿನಲ್ಲಿ ಹುಡುಕುತ್ತಾರೆ. ನನಗಿಂತ ಚಿಕ್ಕವರು, ಅಕ್ಕ ಅನ್ನುತ್ತಾರೆ.

ನಾನು ಒಂದು ಆಸ್ಪತ್ರೆಯ ಸ್ಟೋರ್‌ಕೀಪರಿಗೆ ಬರೆಯುತ್ತಿದ್ದುದನ್ನು ಹಿಂದಿನಿಂದ ಬಗ್ಗಿ ನೋಡಿದರು.

"ಅಕ್ಕ, ಇದೇನು ಮೇಲಾ, ಮದುವೆ ಕರೆಯೋಲೆನಾ?"

"ಆರು ಹಾಸುಬಟ್ಟೆ ಕಡಿಮೆ ಬಂದಿದೆಯಂತೆ. ಕ್ಷಮೆ ಕೇಳ್ಬೇಕಲ್ಲ."

"ಇಷ್ಟುದ್ದ ಕ್ಷಮೆ ಕೇಳಿದ್ರೆ ಅರವತ್ತು ಹಾಸುಬಟ್ಟೆ ಕದ್ದಿದ್ದೀರಿ ಅಂದ್ಕೋತಾರೆ. ಉದ್ದ ಬರೆಯೋರು ತಪ್ಪು ಮಾಡಿರೋರು. ಚಿಕ್ಕದಾಗಿ ಬರೆಯೋರು ಆಫೀಸರು."

ಆದರೂ ನಾನು ಪೂರ್ತಿ ಬರೆದೇ ಕಳಿಸಿದೆ. ಅವರ ಹಾಸುಬಟ್ಟೆ ಅವರಿಗೆ ಮುಖ್ಯವಲ್ಲವೇ.

ಮಾರ್ಚ್ 12, ಬುಧವಾರ

ಆ ಸ್ಟೋರ್‌ಕೀಪರ್ ನನ್ನ ಮೇಲನ್ನು ಮ್ಯಾನೇಜರಿಗೆ ಕಳಿಸಿ, "ಇದರಲ್ಲಿ ಉತ್ತರ ಎಲ್ಲಿದೆ, ಹುಡುಕಿಕೊಡಿ" ಎಂದು ಬರೆದಿದ್ದಾನೆ. ಮ್ಯಾನೇಜರು ಅದನ್ನು ನನಗೆ ದಾಟಿಸಿದ್ದಾರೆ. ಜೊತೆಗೆ ಒಂದೇ ಪದ.

"ಚಿಕ್ಕದಾಗಿ."

ಇದಕ್ಕೂ ಒಂದು ಚುಕ್ಕೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಳುವಾಗ ಉಸಿರು ಕಟ್ಟಿತು, ಡಾಕ್ಟರು ಕೊಟ್ಟ ಉಸಿರಿನ ಪಂಪು ಎಳೆದುಕೊಂಡೆ. ಹದಿನಾರು ವರ್ಷದಲ್ಲಿ ಒಂದು ಹಾಸುಬಟ್ಟೆ ಸುಟ್ಟವಳಲ್ಲ. ಇಲ್ಲಿ ಬಂದು ಒಂಬತ್ತು ದಿನಕ್ಕೆ ಇಡೀ ಕಂಪನಿಗೆ ನಗೆಪಾಟಲಾದೆ.

ಕೆಳಗಿದ್ದಾಗ ಇವೆಲ್ಲ ಇರಲಿಲ್ಲ. ಅಲ್ಲಿ ದೊಡ್ಡಕ್ಕ ಇದ್ದರು. ಎಲ್ಲರಿಗೂ ಅವರು ದೊಡ್ಡಕ್ಕನೇ. ಕೊಳೆ ಬಟ್ಟೆ ವಿಂಗಡಿಸುವ ಮೇಜು ಅವರದು. ಪ್ರತಿ ಹಾಸುಬಟ್ಟೆ, ಪ್ರತಿ ದಿಂಬಿನ ಚೀಲವನ್ನೂ ಎರಡು ಸಲ ಒದರಿಯೇ ಮೆಷಿನ್ನಿಗೆ ಬಿಡುತ್ತಾರೆ. ಹಾಸಿಗೆ ಹಿಡಿದವರ ಬಟ್ಟೆಯಲ್ಲಿ ಏನೇನು ಬರುತ್ತದೆ! ಉಂಗುರ, ಹಲ್ಲಿನ ಸೆಟ್ಟು, ಮಡಚಿದ ಕಾಗದ. ಸಿಕ್ಕಿದ್ದನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, "ಯಾರದೋ ಜೀವ ಇದರಲ್ಲಿರುತ್ತೆ ಕಣೇ" ಅನ್ನುತ್ತಿದ್ದರು. ಯಾವ ವಾರ್ಡಿನ ಗಂಟಿನಲ್ಲಿ ಸಿಕ್ಕಿತು ಎಂದು ಮೇಲಕ್ಕೆ ತಿಳಿಸುತ್ತಾರೆ. ಕೇಳಿಕೊಂಡು ಯಾರೂ ಬರದಿದ್ದರೆ ತಿಂಗಳ ಒಂದನೇ ತಾರೀಖು ಡಬ್ಬ ಖಾಲಿ ಮಾಡಬೇಕೆಂದು ನಿಯಮ.

ಈಗ ಹಾಗೆ ತಿಳಿಸಬೇಕಾದ್ದು ನನಗೇ. ನೆನಪಿಡಬೇಕು.

ಮಾರ್ಚ್ 13, ಗುರುವಾರ

ಕನ್ನಡಕದವರು ಒಂದು ಹಾಳೆಯಲ್ಲಿ ನಾಲ್ಕು ಉತ್ತರ ಬರೆದು ನನ್ನ ಪರದೆಯ ಅಂಚಿಗೆ ಅಂಟಿಸಿಕೊಟ್ಟರು.

ಸ್ವೀಕರಿಸಲಾಗಿದೆ. ಗಮನಿಸಲಾಗಿದೆ. ಪರಿಶೀಲಿಸುತ್ತೇವೆ. ಸರಿ.

"ಲೋಕದಲ್ಲಿರೋ ಯಾವ ಮೇಲಿಗಾದ್ರೂ ಇದರಲ್ಲಿ ಒಂದು ಹೊಂದುತ್ತೆ. ಕೊನೇಲಿ 'ವಂದನೆಗಳು' ಅಂತ ಹಾಕಿ. ವಿಧೇಯ ಗಿಧೇಯ ಎಲ್ಲ ಬೇಡ."

ವಿಧೇಯ ಅಂದರಲ್ಲ. ಆ ವಿದ್ಯಾರ್ಥಿನಿ ವಿಷಯ ಇವರಿಗೂ ತಿಳಿದಿದೆಯೇ? ಮ್ಯಾನೇಜರು ಎಲ್ಲರಿಗೂ ತೋರಿಸಿ ನಕ್ಕರೇ? ಕೇಳಲು ಧೈರ್ಯ ಬರಲಿಲ್ಲ.

ಮಾರ್ಚ್ 20, ಗುರುವಾರ

ಊಟದ ಹೊತ್ತಿಗೆ ಮೂವತ್ತೊಂದು ಮೇಲ್ ಮುಗಿಸಿದೆ. ಮೇಲಿನ ಮೂರು ಸಾಲು ನೋಡಿದರೆ ಸಾಕು, ಯಾವ ಉತ್ತರ ಎಂದು ಕೈಗೇ ಗೊತ್ತಾಗುತ್ತದೆ. "ಇಂತಿ" ಕಂಡರೆ ಮುಗಿಯಿತು, ಒತ್ತು, ಮುಂದೆ. ಈ ಮೇಜಿನಲ್ಲಿ ಹಿಂದಿದ್ದವರೂ ಹೀಗೇ ಮಾಡುತ್ತಿದ್ದರೆ ನನಗೇಕೆ ಯಾರೂ ಹೇಳಲಿಲ್ಲ?

ಮ್ಯಾನೇಜರು ದಾಟಿಹೋಗುವಾಗ ನನ್ನ ಪರದೆ ನೋಡಿ ತಲೆ ಆಡಿಸಿದರು. ಮೆಚ್ಚಿಕೊಂಡೋ, ಕತ್ತು ಹಿಡಿದಿತ್ತೋ.

ನಮ್ಮನೆಯವರು ಸಿಟಿ ಬಸ್ಸು ಓಡಿಸುತ್ತಾರೆ. ಮಧ್ಯಾಹ್ನ ಫೋನಿಗೆ ಸಂದೇಶ ಹಾಕಿದ್ದರು: ಹೊಸ ದಾರಿಗೆ ಹಾಕಿದ್ದಾರೆ, ಹಳೇ ಸೇತುವೆ ಮೇಲೆ ಹೋಗಬೇಕು, ಬೆನ್ನು ನೋಯುತ್ತಿದೆ, ಸಂಜೆ ಬಿಸಿನೀರು ಕಾಯಿಸಿಡು. ಮನೆಗೆ ಬಂದು ಬೂಟು ಬಿಚ್ಚುತ್ತಾ, "ಲಾಂಡ್ರಿ ಮೇಡಮ್ಮೋರೇ, ನನ್ನ ಬೆನ್ನು ನೋವು 'ಗಮನಿಸಲಾಗಿದೆ'ಯಂತಲ್ಲ, ಬಿಸಿನೀರನ್ನ ಇನ್ನೂ 'ಪರಿಶೀಲಿಸ್ತಾ' ಇದ್ದೀರಾ?" ಅಂದರು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೂ ಸ್ವಲ್ಪ ಸಿಟ್ಟು ಬಂತು. ಕೆಲಸದ ನಡುವೆ ಬೆನ್ನಿನ ಕಥೆ ಬರೆದರೆ ಇನ್ನೇನು ಬರೆಯಲಿ?

ಮಾರ್ಚ್ 25, ಮಂಗಳವಾರ

ದೊಡ್ಡಕ್ಕ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದರು. ಮುಷ್ಟಿಯಲ್ಲಿ ಏನೋ ಹಿಡಿದಿದ್ದರು. "ನೋಡೇ ಇಲ್ಲಿ, ದೊಡ್ಡಾಸ್ಪತ್ರೆ ಮೂರನೇ ವಾರ್ಡಿನ ಗಂಟಲ್ಲಿ..." ಎಂದು ಶುರು ಮಾಡಿದರು. ನನ್ನ ಮುಂದೆ ಇನ್ನೂ ಇಪ್ಪತ್ತು ಮೇಲ್. ಅದೇ ಹೊತ್ತಿಗೆ ಮ್ಯಾನೇಜರ ಬಾಗಿಲು ತೆರೆದಿತ್ತು. "ದೊಡ್ಡಕ್ಕ, ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕೆ ಬರಲ್ಲ. ಯಾರ ಹತ್ತಿರ ಆದ್ರೂ ಒಂದು ಮೇಲ್ ಹಾಕಿಸಿ" ಅಂದೆ.

ಅವರು ಬಿಚ್ಚಹೊರಟ ಮುಷ್ಟಿಯನ್ನು ಮತ್ತೆ ಬಿಗಿದರು. "ಆಯ್ತಮ್ಮ" ಅಂದು ಹೋದರು. ನನ್ನನ್ನು ಯಾವತ್ತೂ ಅಮ್ಮ ಅಂದವರಲ್ಲ.

ಮಂಡಿ ನೋವಿನವರು ಇಷ್ಟಕ್ಕೆಲ್ಲ ಯಾಕೆ ಹತ್ತಿಬರಬೇಕು.

ಮಾರ್ಚ್ 26, ಬುಧವಾರ

ಮೂವತ್ತೆಂಟು. ಎದೆ ಬಿಗಿ. ಪಂಪು ಎರಡು ಸಲ.

ಮಾರ್ಚ್ 31, ಸೋಮವಾರ

ಮಗಳ ಜೊತೆ ಜಗಳ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೈ ನಡುಗಿತು, ಗಾಜಿನ ತಟ್ಟೆ ಒಡೆದುಹಾಕಿದೆ ಎಂದು ಉದ್ದ ಸಂದೇಶ ಕಳಿಸಿದ್ದಳಂತೆ. ನಾನು "ಸರಿ" ಎಂದು ಕಳಿಸಿದೆನಂತೆ.

"ಸರಿನಾ ಅಮ್ಮ? ನಾನು ಅಳ್ತಾ ಕೂತಿದ್ದೆ ಅಲ್ಲಿ!"

"ಓದಿದೆ ಅಂತ ಹೇಳಿದ್ದು."

"ಎಷ್ಟು ಓದಿದೆ?"

ಅವಳಿಗೆ ಏನು ಗೊತ್ತು. ಹದಿನಾಲ್ಕಕ್ಕೆ ಇನ್ನು ಎರಡೇ ವಾರ. ನನ್ನ ಕೆಲಸ ಹೋದರೆ ಅವಳ ಗಾಜಿನ ತಟ್ಟೆ ಎಲ್ಲಿಂದ ಬರುತ್ತದೆ?

ಏಪ್ರಿಲ್ 3, ಗುರುವಾರ

ವಿಶೇಷ ಏನೂ ಇಲ್ಲ.

ಏಪ್ರಿಲ್ 7, ಸೋಮವಾರ

ಸರಿ.

ಏಪ್ರಿಲ್ 10, ಗುರುವಾರ

ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಮ್ಯಾನೇಜರಿಂದ ಮೇಲ್ ಬಂತು: "ಆರು ವಾರದ ಮೇಲ್‌ಗಳು, ಉತ್ತರ ಸಹಿತ, ಫೈಲಿನಲ್ಲಿ. ಸೋಮವಾರ." ನೋಡಿ ತೀರ್ಮಾನ ಮಾಡುತ್ತಾರೆ. ಕನ್ನಡಕದವರು ಪ್ರಿಂಟರಿಗೆ ಕಾಗದ ತುಂಬಿಕೊಟ್ಟರು. ಏಳುನೂರಕ್ಕೂ ಹೆಚ್ಚು ಹಾಳೆ. ನಾನು ಒಂದೊಂದನ್ನೇ ಎತ್ತಿ, ಅಂಚು ತಟ್ಟಿ, ತಾರೀಖಿನ ಪ್ರಕಾರ ಜೋಡಿಸುತ್ತಾ ಕೂತೆ.

ಪರದೆಯಲ್ಲಿ ಮೇಲ್ ಅರ್ಧ ಮಾತ್ರ ಕಾಣುತ್ತದೆ. ಮಿಕ್ಕಿದ್ದು ಬೇಕಾದರೆ ಕೆಳಗೆ ಉರುಳಿಸಬೇಕು. ಕಾಗದದಲ್ಲಿ ಹಾಗಲ್ಲ, ಎಲ್ಲವೂ ಒಟ್ಟಿಗೆ ಮುಖಕ್ಕೆ ಹೊಡೆಯುತ್ತದೆ.

ಮಾರ್ಚ್ 24, ದೊಡ್ಡಾಸ್ಪತ್ರೆಯ ಮೂರನೇ ವಾರ್ಡು. ನಲವತ್ತು ಹಾಸುಬಟ್ಟೆ, ನಲವತ್ತು ದಿಂಬಿನ ಚೀಲ, ಎರಡು ಹರಿದಿವೆ. ಇಂತಿ, ಮೂರನೇ ವಾರ್ಡಿನ ಆಯಾ. ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು: "ಹದಿನಾಲ್ಕನೇ ಮಂಚದ ಅಜ್ಜಿಯ ಕಿವಿ ಮೆಷಿನ್ ದಿಂಬಿನ ಚೀಲದ ಜೊತೆ ಬಂದಿರಬಹುದು. ಅದಿಲ್ಲದೆ ಅವರಿಗೆ ಏನೂ ಕೇಳಿಸುವುದಿಲ್ಲ. ದಯವಿಟ್ಟು ನೋಡಿ ಮೇಡಂ."

ನನ್ನ ಉತ್ತರ: "ಗಮನಿಸಲಾಗಿದೆ. ವಂದನೆಗಳು."

ಮಾರ್ಚ್ 31. ಮೂವತ್ತೆಂಟು ಹಾಸುಬಟ್ಟೆ. ಇಂತಿ. ಕೆಳಗೆ: "ಕಿವಿ ಮೆಷಿನ್ ಸಿಕ್ಕಿತೇ ಮೇಡಂ? ಅಜ್ಜಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ನೋವಿದೆಯಾ ಅಂದರೂ ಹೂಂ, ಇಲ್ಲವಾ ಅಂದರೂ ಹೂಂ. ಬುದ್ಧಿ ಮಂಕಾಗಿದೆ ಎಂದು ಡಾಕ್ಟರು ಬರೆದಿದ್ದಾರೆ. ಅಂಥವರನ್ನು ಇಡುವ ಜಾಗಕ್ಕೆ ಹದಿನಾಲ್ಕನೇ ತಾರೀಖು ಕಳಿಸುತ್ತಾರಂತೆ. ಅಜ್ಜಿ ಮಂಕಲ್ಲ. ನಾನು ಹೇಳಿದರೆ ಯಾರೂ ಕೇಳುವುದಿಲ್ಲ."

ನನ್ನ ಉತ್ತರ: "ಪರಿಶೀಲಿಸುತ್ತೇವೆ. ವಂದನೆಗಳು."

ಏಪ್ರಿಲ್ 7. "ಮೂವತ್ತಾರು ಹಾಸುಬಟ್ಟೆ. ಇಂತಿ." ಕೆಳಗೆ ಏನೂ ಇಲ್ಲ. ಬರೀ ಬಿಳಿ ಕಾಗದ. ಆ ಬಿಳಿಯನ್ನು ನೋಡುತ್ತಾ ಕೂತುಬಿಟ್ಟೆ.

ದೊಡ್ಡಕ್ಕನ ಮುಷ್ಟಿ ನೆನಪಾಯಿತು. ಒಂದನೇ ತಾರೀಖು ಡಬ್ಬ ಖಾಲಿಯಾಗುತ್ತದೆ ಎನ್ನುವುದೂ ನೆನಪಾಯಿತು. ಇವತ್ತು ಹತ್ತು.

ಕನ್ನಡಕದವರು ಹಾಳೆ ನೋಡಿದರು. ಈ ಸಲ ಕನ್ನಡಕ ಕಣ್ಣಿಗೇ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ದನಿ ತಗ್ಗಿಸಿ, "ಅಕ್ಕ, ಈ ಮೂರು ಹಾಳೆ ತೆಗೆದುಬಿಡಿ. ಏಳುನೂರರಲ್ಲಿ ಮೂರು. ಯಾರು ಎಣಿಸ್ತಾರೆ?" ಅಂದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಮೂರೂ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಿದ್ದೇನೆ. ದೊಡ್ಡಕ್ಕ ಬೆಳಗಿನ ಪಾಳಿ, ಆಗಲೇ ಹೊರಟುಹೋಗಿದ್ದರು. ಅವರ ಹತ್ತಿರ ಫೋನಿಲ್ಲ.

ಏಪ್ರಿಲ್ 11, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಕೆಳಗಿನ ಬಾಗಿಲಲ್ಲಿ ನಿಂತಿದ್ದೆ. ಹಬೆ ಮುಖಕ್ಕೆ ಬಡಿಯಿತು. ದೊಡ್ಡಕ್ಕ ಬಟ್ಟೆ ಒದರುತ್ತಿದ್ದರು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಏನಮ್ಮ, ಮೇಲ್ ಹಾಕಿಸ್ಬೇಕಿತ್ತಾ?"

"ದೊಡ್ಡಕ್ಕ, ಅವತ್ತು ತಂದಿದ್ರಲ್ಲ, ಏನದು?"

"ಯಾವತ್ತು?"

"ದೊಡ್ಡಕ್ಕ, ದಮ್ಮಯ್ಯ."

ಬಟ್ಟೆ ಕೆಳಗಿಟ್ಟರು. ಕುಪ್ಪಸದೊಳಗಿನಿಂದ ಒಂದು ಪುಟ್ಟ ಬಟ್ಟೆ ಚೀಲ ತೆಗೆದರು. ಅದರಲ್ಲಿ ಅವರ ಬೀಗದ ಕೈ, ಎರಡು ಮಾತ್ರೆ, ಕಾಗದದಲ್ಲಿ ಸುತ್ತಿದ ಕಿವಿ ಮೆಷಿನ್. ಹುರುಳಿಕಾಯಿಯ ಬೀಜದಷ್ಟು.

"ಒಂದನೇ ತಾರೀಖು ಎಸೀಲಿಲ್ವಾ?"

"ಕಿವಿ ಕಣೇ ಇದು. ಕಿವೀನ ಯಾರಾದ್ರೂ ಎಸೀತಾರಾ?"

ನಾನು ಅಳಲು ಶುರು ಮಾಡಿದೆ. "ಇಲ್ಲಿ ಅಳ್ಬೇಡ, ಹಬೆ ಇದೆ, ಉಸಿರು ಕಟ್ಟುತ್ತೆ. ಹೊರಗೆ ಹೋಗಿ ಅಳು. ವ್ಯಾನು ಏಳೂವರೆಗೆ ಹೊರಡುತ್ತೆ" ಅಂದರು. ಮತ್ತೆ ಕಣೇ ಅಂದರಲ್ಲ, ಅದಕ್ಕೆ ಇನ್ನಷ್ಟು ಅಳು ಬಂತು.

ಒಗೆದ ಬಟ್ಟೆಯ ಗಂಟುಗಳ ನಡುವೆ ವ್ಯಾನಿನಲ್ಲಿ ಕೂತು ಆಸ್ಪತ್ರೆಗೆ ಹೋದೆ. ಹದಿನಾರು ವರ್ಷ ಇವರ ಬಟ್ಟೆ ಮುಟ್ಟಿದ್ದೇನೆ, ವಾರ್ಡಿನ ಮುಖ ನೋಡಿದ್ದು ಇವತ್ತೇ. ಉದ್ದನೆಯ ಕೋಣೆ, ಎರಡು ಸಾಲು ಮಂಚ, ನಮ್ಮ ಇಸ್ತ್ರಿಯ ಮಡಿಕೆಗಳು ಇನ್ನೂ ಹಾಗೇ ಇರುವ ಹಾಸುಬಟ್ಟೆಗಳು. ಆಯಾ ಒಬ್ಬ ತೆಳ್ಳನೆಯ ಹೆಂಗಸು, ಬಕೆಟ್ಟಿನ ಪಕ್ಕ ಕೂತು ಟೀ ಕುಡಿಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಲೋಟ ಕೆಳಗಿಟ್ಟು ಎದ್ದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು.

"ಲಾಂಡ್ರಿ ಮೇಡಮ್ಮಾ? ಏನಾದ್ರೂ ತಪ್ಪಾಯ್ತಾ?"

ನನಗೆ ಹೆದರಿದ್ದಳು. ನನಗೆ! ಹಿಂದೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ.

"ತಪ್ಪು ನಂದು. ನೀವು ಕೆಳಗೆ ಬರೆದಿದ್ದನ್ನ ನಾನು ಓದಿರ್ಲಿಲ್ಲ."

"ಹೌದಾ? ನಾನು ಬೇರೆ ಅಂದ್ಕೊಂಡಿದ್ದೆ ಮೇಡಂ. ನಂಗೆ ಸರಿಯಾಗಿ ಬರೆಯೋಕೆ ಬರಲ್ಲ. ಮುಗಿಸಿದ ಮೇಲೆ ಹಾಗೆಲ್ಲ ಸೇರಿಸ್ಬಾರ್ದೇನೋ, ನಿಮಗೆ ಕೋಪ ಬಂತೇನೋ ಅಂತ. ನಿಮ್ಮ ಉತ್ತರಾನ ಸಿಸ್ಟರ್‌ಗೂ ತೋರಿಸಿದೆ, ಕೋಪ ಮಾಡ್ಕೊಂಡಿದ್ದಾರಾ ನೋಡಿ ಅಂತ."

ಈ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು.

ಹದಿನೆಂಟು ದಿನದಲ್ಲಿ ಮೆಷಿನ್ನಿನ ಬ್ಯಾಟರಿ ಸತ್ತಿತ್ತು. ಆಯಾ ಜೇಬಿನಿಂದ ಹೊಸ ಗುಂಡಿ ಬ್ಯಾಟರಿ ತೆಗೆದಳು. ಮೊದಲ ಮೇಲ್ ಕಳಿಸಿದ ದಿನವೇ ತಂದಿಟ್ಟುಕೊಂಡಿದ್ದಳಂತೆ, ಇವತ್ತು ನಾಳೆ ಬಂದೇ ಬರುತ್ತದೆ ಎಂದು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದರು. "ಅಜ್ಜಿ, ಕಿವಿ ಬಂತು" ಎಂದಳು ಆಯಾ. "ಹೂಂ" ಅಂದರು ಅಜ್ಜಿ. ಮೆಷಿನ್ ಸಿಕ್ಕಿಸಿದಾಗ ಕುಯ್ ಎಂದಿತು. ಅಜ್ಜಿ ಬೆಚ್ಚಿದರು. ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿದರು. ಪಕ್ಕದ ಮಂಚದವರು ಕೆಮ್ಮಿದರು, ಅತ್ತ ತಿರುಗಿದರು. ಎಲ್ಲೋ ಚಮಚ ಬಿತ್ತು, ಇತ್ತ ತಿರುಗಿದರು.

"ಯಾರಿವಳು?"

"ಲಾಂಡ್ರಿ ಮೇಡಂ ಅಜ್ಜಿ. ಇವರೇ ತಂದುಕೊಟ್ರು."

"ಮೂರು ವಾರ ಯಾಕಮ್ಮ? ಇಸ್ತ್ರಿ ಮಾಡ್ತಿದ್ರಾ ನನ್ನ ಕಿವೀನ?"

ಆಮೇಲೆ ಅಜ್ಜಿ ನಿಲ್ಲಿಸಲೇ ಇಲ್ಲ. ಮೂರು ವಾರದ್ದೆಲ್ಲ ಹೊರಬಂತು. ಬೆನ್ನಿನ ಹುಣ್ಣು, ತಣ್ಣಗಿನ ಗಂಜಿ, ಬಾಯಿ ಅಲ್ಲಾಡಿಸಿ ಹೋಗುವ ಡಾಕ್ಟರು, ಕಿಟಕಿ ಮುಚ್ಚದವರು. ಸಿಸ್ಟರ್ ಓಡಿಬಂದರು. ನಾನು ಬೈಗುಳ ಕೇಳುತ್ತಾ ನಿಂತೇ ಇದ್ದೆ. ಒಂದೂ ಬಿಡಲಿಲ್ಲ, ಎಲ್ಲ ಕೇಳಿಸಿಕೊಂಡೆ.

ವಾಪಸು ಬರುವಾಗ ಹನ್ನೊಂದಾಗಿತ್ತು. ಮ್ಯಾನೇಜರು ನನ್ನ ಖಾಲಿ ಕುರ್ಚಿ ನೋಡಿ ಹೋಗಿದ್ದರಂತೆ.

ಏಪ್ರಿಲ್ 13, ಭಾನುವಾರ

ನಿನ್ನೆ ಪೂರ್ತಿ ಏನೂ ಬರೆಯಲಾಗಲಿಲ್ಲ. ಮೂರು ಹಾಳೆ ಊಟದ ಮೇಜಿನ ಮೇಲೆ ಇವೆ. ಫೈಲಿಗೆ ಹಾಕಿದರೆ ನಾಳೆಯೇ ನನ್ನ ಕೊನೆಯ ದಿನ. ಹಾಕದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಜ್ಜಿಗೆ ಕಿವಿ ಸಿಕ್ಕಿತು, ಇನ್ನೇನು? ಹೀಗೆ ಹತ್ತು ಸಲ ಅಂದುಕೊಂಡೆ.

ನಮ್ಮನೆಯವರು ಓದಿದರು. "ಕೆಲಸ ಹೋದ್ರೆ ಹೋಗ್ಲಿ ಅಂತ ನಾನು ಹೇಳಲ್ಲ. ಕೆಲಸ ಬೇಕು. ಆದ್ರೆ ನಿನ್ನ ನಾನು ನೋಡಿಲ್ವಾ. ಗ್ಯಾಸ್ ಆರಿಸಿದ್ದೀನಾ ಅಂತ ಮೂರು ಸಲ ಎದ್ದು ನೋಡೋಳು ನೀನು. ಈ ಹಾಳೆ ಬಚ್ಚಿಟ್ಟು ನೀನು ಬದುಕ್ತೀಯಾ?"

ಮಗಳು ಕಾಗದ, ಪೆನ್ನು ತಂದಿಟ್ಟಳು. ಗಾಜಿನ ತಟ್ಟೆಯ ವಿಷಯ ಕೇಳಿದೆ. ಕೂತು ಪೂರ್ತಿ ಹೇಳಿದಳು. ಅರ್ಧ ಗಂಟೆ ಹಿಡಿಯಿತು. ಅಷ್ಟೆಲ್ಲ ಆಗಿತ್ತೇ?

ಮ್ಯಾನೇಜರಿಗೆ ನಾಲ್ಕು ಸಲ ಬರೆದು ಹರಿದೆ. ಐದನೆಯ ಸಲ ವಿಷಯವನ್ನು ಮೊದಲ ಸಾಲಿಗೇ ತಂದೆ: "ನಾನು ಮೂರನೇ ವಾರ್ಡಿನ ಮೇಲ್‌ಗಳನ್ನು ಪೂರ್ತಿ ಓದದೆ ಉತ್ತರಿಸಿದ್ದರಿಂದ ಒಬ್ಬ ರೋಗಿಗೆ ಹದಿನೆಂಟು ದಿನ ಕಿವಿ ಕೇಳಿಸಲಿಲ್ಲ." ಅದರ ಕೆಳಗೆ ನಡೆದದ್ದು ನಡೆದ ಹಾಗೆ. ಕೊನೆಗೆ ಏನು ಹಾಕುವುದೆಂದು ತೋಚಲಿಲ್ಲ. ಹೆಸರು ಮಾತ್ರ ಬರೆದೆ.

ಏಪ್ರಿಲ್ 14, ಸೋಮವಾರ

ಒಂಬತ್ತೂವರೆಗೆ ಫೈಲು ಅವರ ಮೇಜಿಗೆ ಹೋಯಿತು, ಮೂರು ಹಾಳೆ ಎಲ್ಲಕ್ಕಿಂತ ಮೇಲೆ. ಕಾಗದವನ್ನೇ ಟೈಪ್ ಮಾಡಿ ಮೇಲಿಗೂ ಹಾಕಿದೆ. ಹನ್ನೊಂದು ನಲವತ್ತಕ್ಕೆ ಉತ್ತರ.

"ಸರಿ."

ಪಂಪು ಎಳೆದುಕೊಂಡೆ. ಯಾವ ಸರಿ ಇದು? ಇರು ಎನ್ನುವುದೋ, ಹೊರಡು ಎನ್ನುವುದೋ? ಹಳೆಯ ಹಾಗೇ ಹತ್ತು ಸಲ ತೆಗೆದು ನೋಡಲು ಶುರು ಮಾಡಿದೆ. ನಾಲ್ಕನೆಯ ಸಲಕ್ಕೆ ಏನೋ ರೇಗಿಹೋಯಿತು. ಅಜ್ಜಿಯ ಹೂಂ ನೆನಪಾಯಿತೋ ಏನೋ. ಎದ್ದೆ. ಕನ್ನಡಕದವರು "ಎಲ್ಲಿಗಕ್ಕ?" ಅನ್ನುವಷ್ಟರಲ್ಲಿ ಮ್ಯಾನೇಜರ ಬಾಗಿಲಲ್ಲಿದ್ದೆ.

"ಸರ್, ಸರಿ ಅಂದ್ರೆ ಏನು?"

"ಏನಮ್ಮಾ?"

"ಈಗ ಬರೆದ್ರಲ್ಲ ಸರ್, ಸರಿ ಅಂತ. ನಾನು ಇರ್ತೀನಾ, ಹೋಗ್ತೀನಾ?"

"ಅಯ್ಯೋ. ಓದಿದೆ ಅಂತ ಅಷ್ಟೇ ಅಮ್ಮ."

"ಎಷ್ಟು ಓದಿದ್ರಿ ಸರ್?"

ಮಗಳ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ. ಅವರು ಫೋನನ್ನು ಕೈ ಚಾಚಿ ದೂರ ಹಿಡಿದುಕೊಂಡಿದ್ದರು, ಹತ್ತಿರದ್ದು ಕಾಣದವರ ಹಾಗೆ. "ಮೇಲಿನ ಎರಡು ಸಾಲು. ಕಿವಿ ಏನೋ..." ಅಂದರು. ಆಮೇಲೆ ಫೋನು ಬಿಟ್ಟು ಫೈಲು ಎಳೆದುಕೊಂಡು ನನ್ನೆದುರೇ ಓದಿದರು. ತುಟಿ ಅಲ್ಲಾಡಿಸುತ್ತಾ ಓದುತ್ತಾರೆ, ಪಾಪ. ಬಹಳ ಹೊತ್ತಾಯಿತು. ನಾನು ನಿಂತೇ ಇದ್ದೆ.

"ಆ ಅಜ್ಜಿ ಎಲ್ಲಿದ್ದಾರೆ ಈಗ?"

"ಮೂರನೇ ವಾರ್ಡಲ್ಲೇ ಇದ್ದಾರೆ ಸರ್. ಕಳಿಸೋದು ನಿಲ್ಲಿಸಿದ್ದಾರೆ. ಬೆಳಿಗ್ಗೆ ಆಯಾ ಬರೆದಿದ್ದಾಳೆ, ಅಜ್ಜಿ ಡಾಕ್ಟರಿಗೇ ಬುದ್ಧಿ ಹೇಳ್ತಿದ್ದಾರಂತೆ."

ನಗಲಿಲ್ಲ. "ಇದು ಫೈಲಲ್ಲಿ ಇರುತ್ತೆ. ಇನ್ನೊಂದು ಸಲ ಹೀಗಾದ್ರೆ ನಾನೇನೂ ಮಾಡೋಕಾಗಲ್ಲ."

"ಅಂದ್ರೆ ಇರ್ತೀನಾ ಸರ್?"

"ಇರ್ತೀರಿ."

"ಹಾಗಂತ ಬರೆದು ಕಳಿಸಿ ಸರ್."

ಇದನ್ನು ನಾನೇ ಹೇಳಿದೆನೇ ಎಂದು ಈಗಲೂ ನಂಬಿಕೆ ಇಲ್ಲ. ಅವರು ಫೋನು ತೆಗೆದುಕೊಂಡರು. ಒಂದೇ ಬೆರಳು. ಒಂದಕ್ಷರ ಹುಡುಕಿ, ಒತ್ತಿ, ಫೋನನ್ನು ದೂರ ಹಿಡಿದು ನೋಡಿ, ಮತ್ತೆ ಇನ್ನೊಂದು. "ನಿಮ್ಮ ಕೆಲಸ ಖಾಯಂ ಆಗಿದೆ" ಎನ್ನುವ ನಾಲ್ಕು ಪದಕ್ಕೆ ಮೂರು ನಿಮಿಷ. ಕೊನೆಗೆ ಚುಕ್ಕೆಯನ್ನು ಫೋನು ತಾನೇ ಹಾಕಿಕೊಂಡಿತು.

ಆರು ವಾರ ನಾನು ಹೆದರಿ ಸತ್ತದ್ದು ಈ ಒಂದು ಬೆರಳಿಗೆ! ಎಷ್ಟು ಸಿಟ್ಟು ಬಂತೆಂದರೆ, ಕೆಲಸ ಸಿಕ್ಕಿದ ಸಂತೋಷ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಮೊದಲನೇ ದಿನ ಒಂದು ಮೇಲ್ ಕಳಿಸಿದ್ದೆ ಸರ್. ಇಂತಿ ಅಂತ ಹಾಕಿ, ಕೆಳಗೆ..."

"ಯಾವುದು?"

"ಏನಿಲ್ಲ ಬಿಡಿ ಸರ್" ಅಂದೆ.

ಮಧ್ಯಾಹ್ನ ಮೇಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದಲು ಶುರು ಮಾಡಿದೆ. ಸಂಜೆಗೆ ಹತ್ತೊಂಬತ್ತೇ ಆಯಿತು. ಕೆಳಗೆ ಏನೇನು ಬರೆಯುತ್ತಾರೆ ಜನ! ಒಬ್ಬ ಕಾಂಪೌಂಡರು ದಿಂಬಿನ ಚೀಲ ಮಡಚುವುದು ಹೇಗೆಂದು ಕೇಳಿದ್ದಾನೆ. ಪಾಠ ಬರೆದು ಕಳಿಸಿದೆ. ಪರದೆಯ ಅಂಚಿನ ಹಾಳೆ ಯಾವಾಗ ಬಿದ್ದುಹೋಯಿತೋ ಕಾಣೆ.

ಇವತ್ತಿಗೆ ಇಷ್ಟು ಸಾಕು, ಕೈ ನೋಯುತ್ತಿದೆ.

ಇಂತಿ,
ಲಾಂಡ್ರಿಯವಳು

ವಿ.ಸೂ.: ಹೊರಡುವ ಮುಂಚೆ ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡೆ. ಯಾರನ್ನೂ ಕೇಳಲಿಲ್ಲ. ಕನ್ನಡಕದವರು ಒಂದು ಕಡೆ ಹಿಡಿದರು. ಕಂಪ್ಯೂಟರಿನ ವೈರು ಅಲ್ಲಿಯವರೆಗೆ ಬರುವುದಿಲ್ಲ ಎಂದು ಹೆದರಿದ್ದೆ. ಬಂದು, ಇನ್ನೂ ಒಂದು ಮೊಳ ಮಿಕ್ಕಿತು.